ಎಐ ಹೊಸ ಆಂಟಿಬಯೋಟಿಕ್ ಕಂಡುಹಿಡೀತು ಅಂತ ಸುದ್ದಿ ಬಂದಾಗ ನಿಜಕ್ಕೂ ಸಿಕ್ಕಿರೋದು ಏನು?

ಕೆಲವು ತಿಂಗಳಿಗೊಂದ್ಸಲ ಈ ಥರದ ಹೆಡ್‌ಲೈನ್ ಬಂದೇ ಬರತ್ತೆ. ಸೂಪರ್‌ಬಗ್ (ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ) ಕೊಲ್ಲೋ ಔಷಧಿನ ಎಐ ಕಂಡುಹಿಡೀತಂತೆ, ಯಾವುದೋ ರೋಗದ ಬ್ಯಾಕ್ಟೀರಿಯಾದಲ್ಲಿ ಕಂಪ್ಯೂಟರ್ ಹೊಸ ಡ್ರಗ್ ಟಾರ್ಗೆಟ್‌ಗಳನ್ನ ಪತ್ತೆ ಮಾಡ್ತಂತೆ. 2020ರಲ್ಲಿ ಹ್ಯಾಲಿಸಿನ್ ಅಂದ್ರು, 2023ರಲ್ಲಿ ಅಬಾಸಿನ್ ಅಂದ್ರು, 2025ರ ಆಗಸ್ಟಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯವರು ಎಐ ಕೈಲೇ ಹೊಸದಾಗಿ ಡಿಸೈನ್ ಮಾಡಿಸಿದ ಎರಡು ಅಣುಗಳ ಸುದ್ದಿ ಬಂತು, ಒಂದು ಗೊನೋರಿಯಾಕ್ಕೆ, ಇನ್ನೊಂದು ಎಂಆರ್‌ಎಸ್‌ಎ ಅನ್ನೋ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ, ಅದಾಗಿ ಎರಡೇ ತಿಂಗಳಿಗೆ ಎಂಟೆರೋಲೋಲಿನ್. ಇಷ್ಟೆಲ್ಲ ಸಿಕ್ತು ಅಂತಾರೆ, ಆದ್ರೆ ಡಾಕ್ಟರ್ ಬರೆಯೋ ಚೀಟಿಯಲ್ಲಿ ಇದ್ಯಾವುದೂ ಇಲ್ಲ. ಆ ಕಡೆ 2019ನೇ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ ಅನ್ನೋ ಅಂದಾಜಿದೆ.

ಹಾಗಾದ್ರೆ ಈ ಸುದ್ದಿಯೆಲ್ಲ ಬರೀ ಹೈಪಾ? ಪೂರ್ತಿ ಹಾಗಲ್ಲ. ಬೇರೆಬೇರೆ ಎರಡು ಕೆಲಸನ ಒಂದೇ ಹೆಡ್‌ಲೈನಿಗೆ ತುರುಕ್ತಾ ಇದಾರೆ, ಗೊಂದಲ ಶುರುವಾಗೋದೇ ಅಲ್ಲಿಂದ.

ಟಾರ್ಗೆಟ್ ಬೇರೆ, ಔಷಧಿ ಬೇರೆ

ಟಾರ್ಗೆಟ್ ಅಂದ್ರೆ ಔಷಧಿ ಹೋಗಿ ಕಚ್ಚಿಕೊಳ್ಳೋ ಜಾಗ. ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಒಂದು ಪ್ರೋಟೀನ್, ಅದರ ಕೆಲಸ ನಿಂತುಹೋದ್ರೆ ಬ್ಯಾಕ್ಟೀರಿಯಾ ಸಾಯಬೇಕು ಇಲ್ಲಾ ಬೆಳೆಯೋದು ನಿಲ್ಲಬೇಕು. ಔಷಧಿ ಅಂದ್ರೆ ಅಲ್ಲಿಗೆ ಹೋಗಿ ಕಚ್ಚೋ ರಾಸಾಯನಿಕ. ಮೊದಲು ಟಾರ್ಗೆಟ್ ಆರಿಸಿಕೊಂಡು ಆಮೇಲೆ ಅದಕ್ಕೆ ಹೊಂದೋ ಅಣು ಹುಡುಕಬಹುದು, ಅಥವಾ ಉಲ್ಟಾ, ಮೊದಲು ಬ್ಯಾಕ್ಟೀರಿಯಾನ ಕೊಲ್ಲೋ ಅಣು ಹುಡುಕಿ ಅದು ಎಲ್ಲಿ ಕಚ್ಚಿತು ಅಂತ ಆಮೇಲೆ ತಲೆ ಕೆಡಿಸಿಕೊಳ್ಳಬಹುದು. ಪೆನಿಸಿಲಿನ್ ಬಂದಿದ್ದು ಎರಡನೇ ದಾರಿಯಲ್ಲಿ. ಹ್ಯಾಲಿಸಿನ್ನೂ ಅಷ್ಟೇ, ಕಂಪ್ಯೂಟರ್ ಇದ್ರೂ.

ಅಂದ್ರೆ "ಹೊಸ ಟಾರ್ಗೆಟ್ ಪತ್ತೆ" ಅಂತ ಬಂದಿದ್ರೆ ಅಲ್ಲಿ ಔಷಧಿ ಇಲ್ಲ, "ಎಐ ಔಷಧಿ ಹುಡುಕಿತು" ಅಂತ ಬಂದಿದ್ರೆ ಎಷ್ಟೋ ಸಲ ಅದರ ಟಾರ್ಗೆಟ್ ಯಾವುದು ಅಂತ ಆ ಕಂಪ್ಯೂಟರಿಗೇ ಗೊತ್ತಿರಲ್ಲ.

ಪಟ್ಟಿ ಹೇಗೆ ತಯಾರಾಗತ್ತೆ

ಇದಕ್ಕೆಲ್ಲ ಬುನಾದಿ ಬಿದ್ದಿದ್ದು 1995ರಲ್ಲಿ, ಹೀಮೋಫಿಲಸ್ ಇನ್‌ಫ್ಲುಯೆಂಜೆ ಅನ್ನೋ ಬ್ಯಾಕ್ಟೀರಿಯಾದ ಇಡೀ ಜೀನೋಮ್, ಅಂದ್ರೆ ಅದರ ಎಲ್ಲ ಜೀನ್‌ಗಳಿರೋ ಡಿಎನ್‌ಎ, ಓದಿ ಮುಗಿಸಿದಾಗ. ಸ್ವತಂತ್ರವಾಗಿ ಬದುಕೋ ಒಂದು ಜೀವಿಯ ಪೂರ್ತಿ ಜೀನೋಮ್ ಸಿಕ್ಕಿದ್ದು ಅದೇ ಮೊದಲು. 1998ರಲ್ಲಿ ಟಿಬಿ ಬ್ಯಾಕ್ಟೀರಿಯಾದ್ದು ಬಂತು, ಸುಮಾರು 4000 ಜೀನ್. ಶತ್ರುವಿನ ಭಾಗಗಳ ಪಟ್ಟಿಯೇ ಕೈಯಲ್ಲಿದೆ, ಇನ್ನೇನು ಬೇಕು, ಕೂತಲ್ಲೇ ಆರಿಸಿದ್ರಾಯ್ತಲ್ಲ ಅಂತ ಎಲ್ಲರಿಗೂ ಅನ್ನಿಸ್ತು.

ಆರಿಸೋ ವಿಧಾನಕ್ಕೆ ಸಬ್‌ಟ್ರ್ಯಾಕ್ಟಿವ್ ಜೀನೋಮಿಕ್ಸ್ ಅಂತಾರೆ. ಒಂದರ ಕೆಳಗೊಂದು ಜರಡಿ ಇಟ್ಟಂಗೆ. ಮೊದಲನೇ ಜರಡಿ, ಈ ಜೀನ್ ಇಲ್ಲದೆ ಬ್ಯಾಕ್ಟೀರಿಯಾ ಬದುಕತ್ತಾ? ಬದುಕೋದಾದ್ರೆ ಅದನ್ನ ತಡೆದು ಪ್ರಯೋಜನ ಇಲ್ಲ, ಬಿಡು. ಈ. ಕೋಲಿಯಲ್ಲಿ ಒಂದೊಂದೇ ಜೀನ್ ತೆಗೆದು ನೋಡಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಜೀನಲ್ಲಿ ಸುಮಾರು 300 ಮಾತ್ರ ತೆಗೆಯೋಕೇ ಆಗದಂಥವು ಅಂತ 2006ರಲ್ಲಿ ಗೊತ್ತಾಯ್ತು. ಹೀಗೆ ಪ್ರಯೋಗ ಮಾಡಿ ತಿಳ್ಕೊಂಡ ಜೀನ್‌ಗಳ ಡೇಟಾಬೇಸ್‌ಗಳಿವೆ, ಹೊಸ ಬ್ಯಾಕ್ಟೀರಿಯಾದ ಜೀನ್‌ಗಳನ್ನ ಅದರ ಜೊತೆ ಹೋಲಿಸಿ ಇದೂ ಅಂಥದ್ದೇ ಇರಬೇಕು ಅಂತ ಊಹೆ ಮಾಡ್ತಾರೆ. ಊಹೆ ಅನ್ನೋದನ್ನ ನೆನಪಲ್ಲಿಡಿ, ಮುಂದೆ ಬೇಕಾಗತ್ತೆ.

ಎರಡನೇ ಜರಡಿ, ಈ ಪ್ರೋಟೀನಿನ ಥರದ್ದೇ ಮನುಷ್ಯನಲ್ಲೂ ಇದೆಯಾ? ಇದ್ರೆ ಔಷಧಿ ನಮ್ಮನ್ನೂ ಹೊಡೀಬಹುದು, ಬಿಡು. ಇದಕ್ಕೆ ಬ್ಲಾಸ್ಟ್ ಅನ್ನೋ ಹಳೇ ಸಾಫ್ಟ್‌ವೇರಲ್ಲಿ ಪ್ರೋಟೀನಿನ ಸೀಕ್ವೆನ್ಸ್, ಅಂದ್ರೆ ಅದರ ಕೊಂಡಿಗಳ ಸಾಲು, ಹೋಲಿಸ್ತಾರೆ. ಇತ್ತೀಚೆಗೆ ಇದರ ಜೊತೆ ಇನ್ನೊಂದು ಜರಡಿನೂ ಸೇರಿಸ್ತಾರೆ, ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾಗಳಲ್ಲಿ ಇದು ಇದೆಯಾ ಅಂತ. ಆಮೇಲೆ ಆ ಪ್ರೋಟೀನ್ ಜೀವಕೋಶದಲ್ಲಿ ಎಲ್ಲಿ ಕೂತಿರತ್ತೆ, ಯಾವ ಮೆಟಬಾಲಿಕ್ ದಾರಿಯಲ್ಲಿ (ಜೀವಕೋಶದೊಳಗೆ ಒಂದು ವಸ್ತುನ ಇನ್ನೊಂದಾಗಿ ಮಾಡೋ ಹಂತಗಳ ಸಾಲು) ಕೆಲಸ ಮಾಡತ್ತೆ, ಅದರ ಆಕಾರದಲ್ಲಿ ಸಣ್ಣ ಅಣು ಹೋಗಿ ಕೂರೋ ಅಂಥ ಗುಳಿ ಇದೆಯಾ, ಇವನ್ನೆಲ್ಲ ನೋಡ್ತಾರೆ. ನಾಲ್ಕು ಸಾವಿರದಿಂದ ಶುರುವಾಗಿದ್ದು ಕೊನೆಗೆ ಹತ್ತೋ ಇಪ್ಪತ್ತೋ ಉಳಿಯತ್ತೆ, ಪೇಪರ್ ಬರೆಯೋಕೆ ಅಷ್ಟು ಸಾಕು. ಒಳ್ಳೆ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ರೆ ಕೆಲವೇ ವಾರಗಳ ಕೆಲಸ, ಸಾಫ್ಟ್‌ವೇರ್‌ಗಳು ಬಹುತೇಕ ಫ್ರೀ. ಈ ಥರದ ಪೇಪರ್‌ಗಳು ರಾಶಿರಾಶಿ ಬರೋದಕ್ಕೆ ಕಾರಣನೂ ಅದೇ.

ಒಳ್ಳೇದೂ ಬಿದ್ದುಹೋಗತ್ತೆ

ತರ್ಕ ಎಲ್ಲ ಸರಿಯಾಗೇ ಇದೆಯಲ್ಲ ಅನ್ಸತ್ತೆ. ಆದ್ರೆ ಈಗಾಗಲೇ ಗೆದ್ದಿರೋ ಔಷಧಿಗಳ ಟಾರ್ಗೆಟ್‌ಗಳನ್ನೇ ಈ ಜರಡಿಗೆ ಹಾಕಿ ನೋಡಿದ್ರೆ ಕಥೆ ಬೇರೆ.

ಟ್ರೈಮೆಥೊಪ್ರಿಮ್ ತಗೊಳ್ಳಿ, ಮೂತ್ರದ ಸೋಂಕಿಗೆ ದಶಕಗಳಿಂದ ಕೊಡೋ ಔಷಧಿ. ಅದರ ಟಾರ್ಗೆಟ್ ಡಿಎಚ್‌ಎಫ್‌ಆರ್ ಅನ್ನೋ ಎಂಜೈಮ್, ಅದು ಮನುಷ್ಯನಲ್ಲೂ ಇದೆ. ಇಬ್ಬರ ಎಂಜೈಮಲ್ಲಿರೋ ಸಣ್ಣಪುಟ್ಟ ವ್ಯತ್ಯಾಸದಿಂದಾಗಿ ಈ ಔಷಧಿ ಬ್ಯಾಕ್ಟೀರಿಯಾದ್ದನ್ನ ಸಾವಿರಾರು ಪಟ್ಟು ಗಟ್ಟಿಯಾಗಿ ಹಿಡಿಯತ್ತೆ, ನಮ್ಮದನ್ನ ಮುಟ್ಟೋದು ಕಮ್ಮಿ. ಸಿಪ್ರೊಫ್ಲಾಕ್ಸಾಸಿನ್ ಹೊಡೆಯೋ ಗೈರೇಸ್ ಅನ್ನೋ ಎಂಜೈಮಿಗೂ ಮನುಷ್ಯನಲ್ಲಿ ಸಂಬಂಧಿ ಎಂಜೈಮ್ ಇದೆ. ಬೆಡಾಕ್ವಿಲಿನ್ ಇನ್ನೂ ಸ್ವಾರಸ್ಯ. ಔಷಧಿಗೆ ಬಗ್ಗದ ಟಿಬಿಗೆ 2012ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಔಷಧಿ ಇದು, ಟಿಬಿಗೆ ಹೊಸ ಬಗೆಯ ಔಷಧಿ ಅಂತ ಬಂದಿದ್ದು ಸುಮಾರು 40 ವರ್ಷದ ಮೇಲೆ. ಇದರ ಟಾರ್ಗೆಟ್ ಎಟಿಪಿ ಸಿಂಥೇಸ್, ಜೀವಕೋಶಕ್ಕೆ ಶಕ್ತಿ ಮಾಡಿಕೊಡೋ ಯಂತ್ರ, ನಮ್ಮ ಬಹುತೇಕ ಜೀವಕೋಶಗಳೂ ಅದೇ ಬಗೆಯ ಯಂತ್ರದ ಮೇಲೇ ನಡೀತಿರೋದು. "ಮನುಷ್ಯನಲ್ಲಿ ಇದ್ರೆ ಬೇಡ" ಅನ್ನೋ ನಿಯಮನ ಕಟ್ಟುನಿಟ್ಟಾಗಿ ಹಿಡಿದವರು ಇದನ್ನ ಪಟ್ಟಿಗೇ ಸೇರಿಸ್ತಿರಲಿಲ್ಲ. ಇದು ಸಿಕ್ಕಿದ್ದು ಟಿಬಿಯ ಸಂಬಂಧಿ ಬ್ಯಾಕ್ಟೀರಿಯಾ ಮೇಲೆ ಸಾವಿರಾರು ರಾಸಾಯನಿಕ ಹಾಕಿ ಯಾವುದು ಕೊಲ್ಲತ್ತೆ ಅಂತ ನೋಡಿದಾಗ, ಟಾರ್ಗೆಟ್ ಗೊತ್ತಾಗಿದ್ದು ಔಷಧಿಗೆ ಬಗ್ಗದೆ ಉಳಿದ ಬ್ಯಾಕ್ಟೀರಿಯಾಗಳ ಜೀನೋಮ್ ಓದಿದ ಮೇಲೆ.

ಇನ್ನು ವ್ಯಾಂಕೊಮೈಸಿನ್. ಅದು ಯಾವ ಪ್ರೋಟೀನನ್ನೂ ಹಿಡಿಯಲ್ಲ, ಜೀವಕೋಶದ ಗೋಡೆ ಕಟ್ಟೋಕೆ ಬಳಸೋ ಕಚ್ಚಾ ಸಾಮಗ್ರಿಯ ತುದಿಯನ್ನೇ ಹಿಡ್ಕೊಳತ್ತೆ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಥರದವು ಕೂರೋದು ಪ್ರೋಟೀನ್ ತಯಾರಿಸೋ ಯಂತ್ರ ರೈಬೋಸೋಮಿನ ಆರ್‌ಎನ್‌ಎ ಮೇಲೆ. ಪ್ರೋಟೀನ್ ಪಟ್ಟಿ ಇಟ್ಕೊಂಡು ಹುಡುಕಿದ್ರೆ ಇವು ಕಣ್ಣಿಗೇ ಬೀಳಲ್ಲ. ಆಂಟಿಬಯೋಟಿಕ್ ಇತಿಹಾಸದ ದೊಡ್ಡ ದೊಡ್ಡ ಹೆಸರುಗಳನ್ನೇ ಹೊರಗಿಡೋ ವಿಧಾನ ಮುಂದಿನ ದೊಡ್ಡ ಹೆಸರನ್ನ ಹುಡುಕಿಕೊಡತ್ತೆ ಅಂತ ನಂಬೋದು ಸ್ವಲ್ಪ ಕಷ್ಟಾನೇ.

ಪ್ಲೇಟಲ್ಲಿ ಬೇಕು, ಮೈಯಲ್ಲಿ ಬೇಡ

ಮೊದಲನೇ ಜರಡಿಗೂ ಇಂಥದ್ದೇ ಕಾಯಿಲೆ ಇದೆ. ಒಂದು ಜೀನ್ "ಅತ್ಯಗತ್ಯ" ಅಂತ ತೀರ್ಮಾನ ಆಗೋದು ಸಾಮಾನ್ಯವಾಗಿ ಲ್ಯಾಬಿನ ಪ್ಲೇಟ್ ಮೇಲೆ, ಲ್ಯಾಬಿನವರು ಕೊಟ್ಟ ಪೋಷಕಾಂಶದಲ್ಲಿ ಬೆಳೆಸಿ. ರೋಗಿಯ ರಕ್ತದಲ್ಲಿ ಸಿಗೋದೇ ಬೇರೆ.

ಕೊಬ್ಬಿನಾಮ್ಲ ತಯಾರಿಸೋ ದಾರಿ, ಫ್ಯಾಸ್ ಟೂ ಅಂತಾರೆ, ಇದಕ್ಕೆ ಚೆನ್ನಾಗಿರೋ ಉದಾಹರಣೆ. ಬ್ಯಾಕ್ಟೀರಿಯಾದ ಪೊರೆ ಕಟ್ಟೋಕೆ ಕೊಬ್ಬಿನಾಮ್ಲ ಬೇಕೇ ಬೇಕು, ಬ್ಯಾಕ್ಟೀರಿಯಾ ಅದನ್ನ ಮಾಡ್ಕೊಳ್ಳೋ ರೀತಿ ನಮಗಿಂತ ಬೇರೆ, ಹಾಗಾಗಿ ಎರಡೂ ಜರಡಿ ದಾಟತ್ತೆ, ಎಷ್ಟೋ ಕಂಪನಿಗಳು ಇದರ ಹಿಂದೆ ಬಿದ್ದಿದ್ವು. 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಥರದ ಬ್ಯಾಕ್ಟೀರಿಯಾ ಈ ದಾರಿ ಪೂರ್ತಿ ಮುಚ್ಚಿದ್ರೂ ಮನುಷ್ಯನ ರಕ್ತದ ದ್ರವಭಾಗ ಸೀರಮಲ್ಲಿರೋ ಕೊಬ್ಬಿನಾಮ್ಲನೇ ಎತ್ಕೊಂಡು ಆರಾಮಾಗಿ ಬೆಳೆಯತ್ತೆ ಅಂತ. ಅಲ್ಲಿಂದ ದೊಡ್ಡ ಜಗಳ. ಸ್ಟ್ಯಾಫಿಲೊಕಾಕಸ್‌ನಲ್ಲಿ ಹಾಗಾಗಲ್ಲ ಅಂತ ಒಬ್ಬರು, ಆಗತ್ತೆ ಅಂತ ಇನ್ನೊಬ್ಬರು.

ಆದ್ರೆ ಇದೇ ಬಗೆಯ ದಾರಿಯಲ್ಲಿ ಟಿಬಿ ಬ್ಯಾಕ್ಟೀರಿಯಾನ ಹೊಡೆಯೋ ಐಸೊನಯಾಜಿಡ್ 1952ರಿಂದ ಕೆಲಸ ಮಾಡ್ತಾ ಇದೆ, ಇವತ್ತಿಗೂ ಟಿಬಿ ಚಿಕಿತ್ಸೆ ಅಂದ್ರೆ ಮೊದಲು ಬರೋ ಹೆಸರುಗಳಲ್ಲಿ ಅದೂ ಒಂದು. ಅಲ್ಲಿ ಈ ದಾರಿಯಿಂದ ತಯಾರಾಗೋದು ಮೈಕೋಲಿಕ್ ಆಮ್ಲ, ಟಿಬಿ ಬ್ಯಾಕ್ಟೀರಿಯಾದ ಮೇಣದಂಥ ಹೊದಿಕೆಗೆ ಬೇಕಾದ್ದು, ಅದು ಮನುಷ್ಯನ ಮೈಯಲ್ಲಿ ಎಲ್ಲೂ ಸಿಗಲ್ಲ, ಸಾಲ ತರೋಣ ಅಂದ್ರೂ ಕೊಡೋರಿಲ್ಲ. ಅಂದ್ರೆ ಟಾರ್ಗೆಟ್ ಒಳ್ಳೇದಾ ಕೆಟ್ಟದ್ದಾ ಅನ್ನೋದು ಬರೀ ಆ ಪ್ರೋಟೀನ್ ನೋಡಿ ಹೇಳೋಕಾಗಲ್ಲ, ಆ ಬ್ಯಾಕ್ಟೀರಿಯಾ ಮೈಯಲ್ಲಿ ಎಲ್ಲಿ ಕೂತಿದೆ, ಅಲ್ಲಿ ಅದಕ್ಕೆ ತಿನ್ನೋಕೆ ಏನ್ ಸಿಗತ್ತೆ ಅನ್ನೋದೂ ಬೇಕು. ಇಡೀ ಮೆಟಬಾಲಿಸಮ್ಮಿನ ಮಾದರಿ ಕಂಪ್ಯೂಟರಲ್ಲಿ ಕಟ್ಟಿ, ಈ ಪೋಷಕಾಂಶ ಕೊಟ್ರೆ ಏನಾಗತ್ತೆ, ಆ ದಾರಿ ಮುಚ್ಚಿದ್ರೆ ಏನಾಗತ್ತೆ ಅಂತ ಲೆಕ್ಕ ಹಾಕೋ ವಿಧಾನ ಇದಕ್ಕೇ ಇರೋದು. ಈ ಕ್ಷೇತ್ರದಲ್ಲಿ ಹೆಚ್ಚು ಭರವಸೆ ಇಡಬಹುದಾದ ಭಾಗ ಇದು, ಆದ್ರೆ ಹೆಡ್‌ಲೈನ್ ಆಗೋದು ಕಮ್ಮಿ.

70 ಪ್ರಯತ್ನ, 5 ಲೀಡ್

ಟಾರ್ಗೆಟ್ ಸಿಕ್ಕಿಬಿಟ್ರೆ ಸಾಕಾ ಅನ್ನೋ ಪ್ರಶ್ನೆಗೆ ದುಬಾರಿ ಉತ್ತರ ಸಿಕ್ಕಾಗಿದೆ. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ 1995ರಿಂದ 2001ರವರೆಗೆ ಜೀನೋಮ್ ನೋಡಿ 300ಕ್ಕೂ ಹೆಚ್ಚು ಜೀನ್ ಪರಿಶೀಲನೆ ಮಾಡಿ 70 ದೊಡ್ಡ ಸ್ಕ್ರೀನಿಂಗ್ (ರಾಶಿ ರಾಸಾಯನಿಕ ಹಾಕಿ ಯಾವುದು ಕೆಲಸ ಮಾಡತ್ತೆ ಅಂತ ನೋಡೋದು) ನಡೆಸ್ತು, ಅದರಲ್ಲಿ 67 ಇಂಥದ್ದೇ ಟಾರ್ಗೆಟ್ ಅಂತ ಆರಿಸಿಕೊಂಡು ಮಾಡಿದ್ದು, ಒಂದೊಂದರಲ್ಲೂ ಲಕ್ಷಗಟ್ಟಲೆ ರಾಸಾಯನಿಕ. ಮುಂದಕ್ಕೆ ಒಯ್ಯೋ ಯೋಗ್ಯತೆ ಇರೋ ಲೀಡ್ ಸಿಕ್ಕಿದ್ದು 5. 2007ರಲ್ಲಿ ಕಂಪನಿಯವರೇ ಇದನ್ನ ಬಿಚ್ಚಿಟ್ಟು ಬರೆದ್ರು. ಸೋತಿದ್ದನ್ನ ಇಷ್ಟು ನೇರವಾಗಿ ಹೇಳೋ ಕಂಪನಿ ಅಪರೂಪ, ಅದಕ್ಕೇ ಇವತ್ತಿಗೂ ಈ ಲೆಕ್ಕನ ಎಲ್ಲರೂ ಎತ್ತಿ ತೋರಿಸ್ತಾರೆ.

ಯಾಕೆ ಹೀಗಾಯ್ತು? ಪ್ರೋಟೀನನ್ನ ಹೊರಗೆ ತೆಗೆದು ಟ್ಯೂಬಲ್ಲಿಟ್ಟಾಗ ಚೆನ್ನಾಗಿ ಕಚ್ಚೋ ಅಣು ಬ್ಯಾಕ್ಟೀರಿಯಾದ ಒಳಗೇ ಹೋಗ್ತಿರಲಿಲ್ಲ. ಈ. ಕೋಲಿ, ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್ ಥರದ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಪೊರೆ ಒಳಗೊಂದು ಪೊರೆ, ಹೊರಗಿನದ್ದನ್ನ ದಾಟೋ ಅಣು ಒಳಗಿನದ್ದನ್ನ ದಾಟೋಕೆ ಒದ್ದಾಡತ್ತೆ, ಹೇಗೋ ಒಳಗೆ ಬಂದಿದ್ದನ್ನೂ ಎಫ್ಲಕ್ಸ್ ಪಂಪ್‌ಗಳು ಎತ್ತಿ ಆಚೆ ಹಾಕತ್ವೆ. ಕಂಪನಿಗಳ ಹತ್ತಿರ ಇದ್ದ ರಾಸಾಯನಿಕಗಳ ಸಂಗ್ರಹ ಬಿಪಿ, ಕ್ಯಾನ್ಸರ್ ಥರದ ಮನುಷ್ಯನ ಕಾಯಿಲೆಗಳಿಗೆ ಅಂತ ಕೂಡಿಟ್ಟಿದ್ದು, ಅದು ಈ ಗೋಡೆಗಳ ಮುಂದೆ ನಡೀಲಿಲ್ಲ. ಟಾರ್ಗೆಟ್ ಕೊರತೆ ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಹಾಗಾಗಿ "20 ಹೊಸ ಟಾರ್ಗೆಟ್ ಪತ್ತೆ" ಅನ್ನೋ ಸುದ್ದಿಗೆ ತುಂಬಾ ಖುಷಿಪಡೋಕೆ ಕಾರಣ ಕಾಣಲ್ಲ.

ಆಲ್ಫಾಫೋಲ್ಡ್ ಬಂದಮೇಲೆ ಬದಲಾಯ್ತಾ

2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಅರ್ಧ ಪಾಲು ಆಲ್ಫಾಫೋಲ್ಡ್ ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಹೋಯ್ತು. ಪ್ರೋಟೀನಿನ ಆಕಾರನ ಸೀಕ್ವೆನ್ಸಿಂದಲೇ ಊಹಿಸೋ ಈ ಎಐ ಈಗ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಫ್ರೀಯಾಗಿ ಕೊಟ್ಟಿದೆ. ಆಕಾರ ಸಿಕ್ಕಿದ್ಮೇಲೆ ಅಣು ಎಲ್ಲಿ ಕೂರತ್ತೆ ಅಂತ ಡಾಕಿಂಗ್ ಸಾಫ್ಟ್‌ವೇರಲ್ಲಿ ನೋಡಿದ್ರಾಯ್ತು ಅನ್ನೋದು ಆಸೆ.

ಎಂಐಟಿಯ ತಂಡವೊಂದು 2022ರಲ್ಲಿ ಇದನ್ನ ಪರೀಕ್ಷೆ ಮಾಡೇ ಬಿಡ್ತು. ಈ. ಕೋಲಿಯ 296 ಅತ್ಯಗತ್ಯ ಪ್ರೋಟೀನ್‌ಗಳ ಆಲ್ಫಾಫೋಲ್ಡ್ ಆಕಾರ ತಗೊಂಡು, ಬ್ಯಾಕ್ಟೀರಿಯಾನ ತಡೆಯೋ 218 ಅಣುಗಳನ್ನ ಡಾಕ್ ಮಾಡಿ, ಆಮೇಲೆ 12 ಪ್ರೋಟೀನ್‌ಗಳನ್ನ ಲ್ಯಾಬಲ್ಲಿ ನಿಜವಾಗಿ ಅಳೆದು ಹೋಲಿಸಿದ್ರು. ನಿಜವಾಗಿ ಕಚ್ಚೋದು ಯಾವುದು, ಕಚ್ಚದೇ ಇರೋದು ಯಾವುದು ಅಂತ ಬೇರ್ಪಡಿಸೋದರಲ್ಲಿ ಸರಾಸರಿ ಸ್ಕೋರ್ 0.48. ನಾಣ್ಯ ಚಿಮ್ಮಿ ಹೇಳಿದ್ರೆ ಬರೋದು 0.5! ತಪ್ಪು ಆಲ್ಫಾಫೋಲ್ಡ್‌ದಲ್ಲ, ಪ್ರಯೋಗದಿಂದ ತಿಳಿದ ಆಕಾರಗಳನ್ನ ಹಾಕಿದ್ರೂ ಫಲಿತಾಂಶ ಹೆಚ್ಚೂಕಮ್ಮಿ ಅಷ್ಟೇ ಇತ್ತು, ಸೋತಿದ್ದು ಎಷ್ಟು ಗಟ್ಟಿಯಾಗಿ ಕಚ್ಚತ್ತೆ ಅಂತ ಅಂಕ ಕೊಡೋ ಡಾಕಿಂಗ್ ಭಾಗ. ಮೆಷಿನ್ ಲರ್ನಿಂಗ್ ಇಂದ ಅಂಕ ತಿದ್ದಿದಾಗ ಸ್ವಲ್ಪ ಸುಧಾರಿಸ್ತು, ಆದ್ರೂ ನೆಚ್ಚಿಕೊಳ್ಳೋ ಮಟ್ಟಕ್ಕಲ್ಲ. ಪೇಪರ್‌ಗಳಲ್ಲಿ ಬಣ್ಣಬಣ್ಣದ ಡಾಕಿಂಗ್ ಚಿತ್ರ ಹಾಕಿ ಕೆಳಗೆ ಮೈನಸ್ ಒಂಬತ್ತು ಪಾಯಿಂಟ್ ಏನೋ ಅಂತ ಎನರ್ಜಿ ಬರೆದಿರ್ತಾರಲ್ಲ, ಆ ನಂಬರನ್ನ ನೋಡುವಾಗ ಈ 0.48 ನೆನಪಿರಲಿ.

ಇನ್ನೊಂದು ಬಣ ಏನ್ ಮಾಡ್ತಿದೆ

ಇದೆಲ್ಲ ನೋಡಿ ಬೇಸತ್ತ ಇನ್ನೊಂದು ಬಣ ಟಾರ್ಗೆಟ್ ಸಹವಾಸಾನೇ ಬಿಡ್ತು. ಹ್ಯಾಲಿಸಿನ್ ತಂಡ 2335 ಅಣುಗಳನ್ನ ಈ. ಕೋಲಿ ಮೇಲೆ ಹಾಕಿ, ಯಾವುದು ಬೆಳವಣಿಗೆ ತಡೀತು ಯಾವುದು ಇಲ್ಲ ಅನ್ನೋ ಡೇಟಾ ಮಾತ್ರ ಎಐಗೆ ಕಲಿಸ್ತು, ಆಮೇಲೆ ಸಾವಿರಾರು ಹಳೇ ಅಣುಗಳಲ್ಲಿ ಹುಡುಕು ಅಂತು. ಮೇಲೆ ಬಂದಿದ್ದು ಮೊದಲು ಡಯಾಬಿಟಿಸ್‌ಗೆ ಅಂತ ನೋಡಿ ಕೈಬಿಟ್ಟಿದ್ದ ಅಣು. ಇಡೀ ಜೀವಕೋಶದ ಮೇಲೆ ಪರೀಕ್ಷೆ ಮಾಡಿದ ಡೇಟಾ ಆದ್ದರಿಂದ ಗೋಡೆ ದಾಟೋದು, ಪಂಪ್ ತಪ್ಪಿಸೋದು ಎಲ್ಲ ಆ ಡೇಟಾದಲ್ಲೇ ಅಡಗಿರತ್ತೆ, ಅದೇ ಇದರ ಬಲ. ಆದ್ರೆ ಅಣು ಏನ್ ಮಾಡತ್ತೆ ಅಂತ ಗೊತ್ತಾಗಲ್ಲ, ಮನುಷ್ಯನ ಜೀವಕೋಶಕ್ಕೂ ವಿಷವಾ ಅಂತ ಬೇರೆ ನೋಡಬೇಕು. ಟಾರ್ಗೆಟ್ ಬಣದವರು ಹೇಳೋದು ಅದನ್ನೇ, ಎಲ್ಲಿ ಕಚ್ಚತ್ತೆ ಅಂತ ಗೊತ್ತಿಲ್ಲದೆ ಅಣುವನ್ನ ಹೇಗೆ ತಿದ್ದಿ ಸುಧಾರಿಸ್ತೀರಿ, ಸೈಡ್ ಎಫೆಕ್ಟ್ ಬಂದ್ರೆ ಯಾವುದನ್ನ ಬದಲಾಯಿಸ್ತೀರಿ? ಇದೂ ನ್ಯಾಯವಾದ ಪ್ರಶ್ನೆನೇ.

ಎಂಟೆರೋಲೋಲಿನ್ ಈ ಎರಡರ ಮಧ್ಯೆ ಬರತ್ತೆ, ಹಾಗಾಗಿ ಅದನ್ನ ಸ್ವಲ್ಪ ಗಮನಿಸಬೇಕು. ಇಲ್ಲಿ ಅಣು ಸಿಕ್ಕಿದ್ದು ಹಳೇ ರೀತಿಯ ಲ್ಯಾಬ್ ಸ್ಕ್ರೀನಿಂಗಲ್ಲಿ. ಅದು ಎಲ್ಲಿ ಕಚ್ಚತ್ತೆ ಅನ್ನೋ ಪ್ರಶ್ನೆಗೆ ಮಾತ್ರ ಕೆನಡಾದ ಮೆಕ್‌ಮಾಸ್ಟರ್ ಮತ್ತು ಎಂಐಟಿಯವರು ಡಿಫ್‌ಡಾಕ್ ಅನ್ನೋ ಎಐ ಬಳಸಿದ್ರು. ಅದು ಲೋಲ್ ಸಿಡಿಇ ಅನ್ನೋ ಪ್ರೋಟೀನ್ ಗುಂಪನ್ನ ತೋರಿಸ್ತು, ಲಿಪೊಪ್ರೋಟೀನ್‌ಗಳನ್ನ ಒಳಪೊರೆಯಿಂದ ಹೊರಪೊರೆ ಕಡೆಗೆ ಕಳಿಸೋ ಯಂತ್ರ ಅದು. ಎಐ ಹೇಳ್ತು ಅಂತ ಅವರು ಸುಮ್ಮನೆ ಕೂರಲಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸಿ ಅದರ ಜೀನೋಮ್ ಓದಿದ್ರು, ಮ್ಯುಟೇಷನ್, ಅಂದ್ರೆ ಜೀನಲ್ಲಾದ ಬದಲಾವಣೆ, ಅಲ್ಲೇ ಕೂತಿತ್ತು. ಸಾಮಾನ್ಯವಾಗಿ ಎರಡು ವರ್ಷದ ತನಕ ಎಳೆಯೋ ಈ ಕೆಲಸ ಸುಮಾರು ಆರು ತಿಂಗಳಲ್ಲಿ ಮುಗೀತು ಅಂತ ತಂಡ ಹೇಳ್ಕೊಂಡಿದೆ. ಹೆಡ್‌ಲೈನ್‌ಗಳು "ಎಐ ಆಂಟಿಬಯೋಟಿಕ್ ಕಂಡುಹಿಡೀತು" ಅಂದ್ವು, ನಿಜಕ್ಕೂ ಎಐ ಮಾಡಿದ್ದು ಮೊದಲು ಎಲ್ಲಿ ನೋಡಬೇಕು ಅಂತ ಬೊಟ್ಟು ತೋರಿಸಿದ್ದು. ಅದು ಸಣ್ಣ ಕೆಲಸ ಅಲ್ಲ, ಉಳಿದಿದ್ದು ಒಂದೂವರೆ ವರ್ಷದ ಸಂಬಳ, ಲ್ಯಾಬ್ ಖರ್ಚು.

ಒಂದೇ ಟಾರ್ಗೆಟ್ ಆದ್ರೆ ಒಂದೇ ಮ್ಯುಟೇಷನ್ ಸಾಕು

ಜರಡಿಯಿಂದ ಉಳಿಯೋ ಟಾರ್ಗೆಟ್‌ಗಳು ಬಹುತೇಕ ಒಂದೇ ಜೀನಿಂದ ಬರೋ ಒಂದೇ ಎಂಜೈಮ್. ಆ ಜೀನಲ್ಲಿ ಒಂದು ಅಕ್ಷರ ಬದಲಾದ್ರೆ ಔಷಧಿ ಕಚ್ಚೋ ಜಾಗ ಕೆಡತ್ತೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರೋ ಸೋಂಕಲ್ಲಿ ಅಂಥ ಒಂದೆರಡು ಮೊದಲೇ ಇರೋ ಸಾಧ್ಯತೆ ಜಾಸ್ತಿ, ಮಿಕ್ಕಿದ್ದೆಲ್ಲ ಸತ್ತಮೇಲೆ ಅದೇ ಬೆಳೆಯತ್ತೆ. ಲ್ಯೂಸಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಅನ್ನೋ ಎಂಜೈಮನ್ನ ಗುರಿ ಮಾಡಿದ್ದ ಒಂದು ಔಷಧಿ ಮನುಷ್ಯರ ಮೇಲಿನ ಎರಡನೇ ಹಂತದ ಟ್ರಯಲ್ ತನಕ ಹೋಗಿತ್ತು, ಮೂತ್ರದ ಸೋಂಕಿನ ಕೆಲವು ರೋಗಿಗಳಲ್ಲಿ ಚಿಕಿತ್ಸೆ ಶುರುವಾದ ಸ್ವಲ್ಪದರಲ್ಲೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಳ್ತು, ಟ್ರಯಲ್ ನಿಲ್ಲಿಸಬೇಕಾಯ್ತು. ಪೆನಿಸಿಲಿನ್ ಒಂದೇ ಸಲಕ್ಕೆ ಹಲವು ಪ್ರೋಟೀನ್‌ಗಳನ್ನ ಹೊಡೆಯತ್ತೆ, ಸಿಪ್ರೊಫ್ಲಾಕ್ಸಾಸಿನ್ ಎರಡು ಎಂಜೈಮನ್ನ. ಅವಕ್ಕೂ ಬಗ್ಗದ ಬ್ಯಾಕ್ಟೀರಿಯಾ ಬಂತು (ಇದಕ್ಕೇ ರೆಸಿಸ್ಟೆನ್ಸ್ ಅನ್ನೋದು) ನಿಜ, ಆದ್ರೆ ಮೊದಲ ವಾರವೇ ಟಾರ್ಗೆಟ್ ಕೈಕೊಡಲಿಲ್ಲ. ಹಾಗಾಗಿ ಒಂದು ಟಾರ್ಗೆಟ್ ಬದಲು ಒಂದೇ ಅಣು ಹಿಡಿಯಬಹುದಾದ ಎರಡು ಮೂರು ಟಾರ್ಗೆಟ್‌ಗಳನ್ನ ಒಟ್ಟಿಗೆ ಹುಡುಕೋದಕ್ಕೆ ಕಂಪ್ಯೂಟರ್ ಬಳಸಿದ್ರೆ ಅರ್ಥ ಇದೆ. ಮನುಷ್ಯ ಕೂತು ಸಾವಿರಾರು ಗುಳಿಗಳ ಆಕಾರ ಹೋಲಿಸೋಕಾಗಲ್ಲ, ಕಂಪ್ಯೂಟರಿಗೆ ಆಗತ್ತೆ.

ಔಷಧಿ ಬಂದ್ರೂ ಮಾರ್ಕೆಟ್ ಎಲ್ಲಿ

ಅಣುವಿಂದ ಮಾತ್ರೆ ಆಗೋಕೆ ಹತ್ತು ಹದಿನೈದು ವರ್ಷ, ಕೋಟಿಗಟ್ಟಲೆ ದುಡ್ಡು, ಅದರಲ್ಲಿ ಟಾರ್ಗೆಟ್ ಹುಡುಕಾಟದ ಪಾಲು ಚಿಕ್ಕದು. ಕಂಪ್ಯೂಟರ್ ಆ ಚಿಕ್ಕ ಪಾಲನ್ನ ಅರ್ಧಕ್ಕೆ ಇಳಿಸಿದ್ರೂ ಟ್ರಯಲ್ ಖರ್ಚು ಹಾಗೇ ಇರತ್ತೆ. ಆಮೇಲೆ ಮಾರಾಟ. ಹೊಸ ಆಂಟಿಬಯೋಟಿಕ್ ಬಂದ್ರೆ ಅದನ್ನ ಬೇಕಾಬಿಟ್ಟಿ ಬಳಸಬೇಡಿ, ಕೊನೆಗೆ ಇಟ್ಕೊಳ್ಳಿ ಅಂತಾರೆ, ಅದು ಸರಿನೇ, ಆದ್ರೆ ಮಾರಾಟ ಆಗದೆ ಕಂಪನಿ ಬದುಕೋದು ಹೇಗೆ? ಅಕೇಯೋಜನ್ ಅನ್ನೋ ಅಮೆರಿಕದ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರ ಜೂನಲ್ಲಿ ಅನುಮತಿ ಸಿಕ್ತು, 2019ರ ಏಪ್ರಿಲಲ್ಲಿ ಕಂಪನಿ ದಿವಾಳಿ. ಇಂಗ್ಲೆಂಡಲ್ಲಿ 2022ರಲ್ಲಿ ಬೇರೆ ದಾರಿ ಹಿಡಿದ್ರು, ಎಷ್ಟು ಡೋಸ್ ಮಾರಾಟ ಆಯ್ತು ಅಂತ ನೋಡದೆ ಎರಡು ಆಂಟಿಬಯೋಟಿಕ್‌ಗಳಿಗೆ ತಲಾ ವರ್ಷಕ್ಕೆ 1 ಕೋಟಿ ಪೌಂಡ್ ತನಕ ಚಂದಾ ಥರ ಕೊಡೋ ಒಪ್ಪಂದ ಮಾಡ್ಕೊಂಡ್ರು.

ಕಂಪ್ಯೂಟರ್ ವಿಧಾನ ಈ ದುಡ್ಡಿನ ಸಮಸ್ಯೆನ ಒಂದು ರೀತಿ ಜಾಸ್ತಿನೂ ಮಾಡತ್ತೆ. ಜೀನೋಮ್ ಹೋಲಿಸಿ ಆರಿಸಿದ ಟಾರ್ಗೆಟ್‌ಗಳು ಎಷ್ಟೋ ಸಲ ಒಂದೋ ಎರಡೋ ಬ್ಯಾಕ್ಟೀರಿಯಾಕ್ಕೆ ಮಾತ್ರ ಹೊಂದೋ ಅಂಥವು, ಎಐ ನೆರವಲ್ಲಿ ಬಂದ ಅಣುಗಳೂ ಹಾಗೇ, ಅಬಾಸಿನ್ ಮುಖ್ಯವಾಗಿ ಅಸಿನೆಟೊಬ್ಯಾಕ್ಟರನ್ನ ಹೊಡೆಯತ್ತೆ, ಎಂಟೆರೋಲೋಲಿನ್ ಈ. ಕೋಲಿಯ ಬಳಗವನ್ನ. ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಉಳಿಯತ್ತೆ, ರೆಸಿಸ್ಟೆನ್ಸ್ ಹರಡೋದು ಕಮ್ಮಿ ಆಗಬಹುದು, ರೋಗಿಗೆ ಇದು ಒಳ್ಳೇದೇ. ಆದ್ರೆ ಇಷ್ಟು ಕಿರಿದಾದ ಔಷಧಿ ಬರೆಯೋ ಮೊದಲು ಸೋಂಕು ಯಾವ ಬ್ಯಾಕ್ಟೀರಿಯಾದ್ದು ಅಂತ ಡಾಕ್ಟರಿಗೆ ಖಚಿತವಾಗಿ ಗೊತ್ತಿರಬೇಕು. ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋ ಕಲ್ಚರ್ ರಿಪೋರ್ಟ್ ಬರೋಕೆ ಈಗಲೂ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು, ಸೋಂಕು ವಿಪರೀತವಾಗಿ ಸೆಪ್ಸಿಸ್ ಆದ ರೋಗಿ ಅಷ್ಟು ಕಾಯೋಕಾಗಲ್ಲ, ಅಲ್ಲಿಯತನಕ ಹಲವು ಬಗೆಯ ಬ್ಯಾಕ್ಟೀರಿಯಾಕ್ಕೆ ತಾಗೋ ಹಳೇ ಔಷಧಿನೇ ಡ್ರಿಪ್ಪಲ್ಲಿ ಹೋಗ್ತಿರತ್ತೆ.